ಮಾವನ ಗಾಡಿ ನಂಬರ್

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಹೋದ ತಿಂಗಳು ನಾಗನೂರಿಗೆ ಹೋಗಿ ಹಳೇ ಟ್ರಂಕನ್ನೆಲ್ಲ ಜಾಲಾಡಿ ಬಂದೆ. ಬೇಕಾದ ಫೋಟೋ ಸಿಗಲಿಲ್ಲ. ಆ ಬೇಜಾರಿನಲ್ಲೇ ಇದನ್ನು ಬರೀತಿದ್ದೀನಿ.

ನಮ್ಮ ಸೋದರಮಾವ ಸರ್ಕಾರಿ ಬಸ್ ಡ್ರೈವರ್ ಆಗಿದ್ದ. ರಾತ್ರಿ ಗೋಕಾಕದಿಂದ ಬಂದು ಊರಲ್ಲೇ ನಿಂತು, ಬೆಳಿಗ್ಗೆ ಹೊರಡುವ ವಸ್ತಿ ಗಾಡಿ ಅವನದು. ಲೇಲ್ಯಾಂಡ್ ಗಾಡಿ. ಒಂದು ಖಂಡೇಪೂಜೆಗೆ ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದ. ಮಾವ ತೀರಿಕೊಂಡಾಗ ಅದನ್ನೇ ದೊಡ್ಡದು ಮಾಡಿಸಲು ಸ್ಟುಡಿಯೋಕ್ಕೆ ಒಯ್ದವನು ನಾನೇ. "ಹಿಂದಿನ ಬಸ್ ತಗೀರಿ, ಮಾರಿ ಅಷ್ಟ ಇರ್ಲಿ" ಅಂದವನೂ ನಾನೇ! ಈಗ ಗೋಡೆ ಮೇಲೆ ಮಾವನ ಮುಖ ಇದೆ. ಬಸ್ಸಿಲ್ಲ, ನಂಬರ್ ಪ್ಲೇಟೂ ಇಲ್ಲ. ಮೂಲ ಫೋಟೋ ಎಲ್ಲೋ ಕಳೆದುಹೋಯ್ತು.

ಇದು ಚುಚ್ಚಲು ಶುರುವಾದದ್ದು ಇಂಗ್ಲೆಂಡಿನ ಬಸ್ ಹುಚ್ಚರ ಬಗ್ಗೆ ಓದಿದ ಮೇಲೆ. ಅಲ್ಲಿ ಪಿ.ಎಸ್.ವಿ. ಸರ್ಕಲ್ ಅಂತ ಒಂದು ಸಂಘ, 1943ರಿಂದ ಇದೆ. ಒಂದೊಂದು ಬಸ್ಸಿನ ಚಾಸಿ ನಂಬರ್, ಬಾಡಿ ಕಟ್ಟಿದವರು ಯಾರು, ರಸ್ತೆಗೆ ಬಂದದ್ದು ಯಾವಾಗ, ಕೊನೆಗೆ ಯಾರ ಪಾಲಾಯ್ತು, ಎಲ್ಲ ಬರೆದಿಡುತ್ತಾರೆ. ಥೇಟ್ ನಮ್ಮ ಹೆಳವರು ವಂಶಾವಳಿ ಬರೆದಂತೆ!

ಲೇಲ್ಯಾಂಡ್ ಅನ್ನೋದು ಲ್ಯಾಂಕಾಶೈರಿನ ಒಂದು ಊರಿನ ಹೆಸರು. ಮದ್ರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯ್ತು. ಅಲ್ಲಿಯ ಲೇಲ್ಯಾಂಡ್ ಬಸ್ ಕಂಪನಿಯನ್ನು 1988ರಲ್ಲಿ ವೋಲ್ವೋ ಕೊಂಡಿತು. ಆಮೇಲೆ ಅಲ್ಲಿ ಹೊಸ ಬಸ್ಸುಗಳ ಮೇಲೆ ಆ ಹೆಸರೇ ಉಳಿಯಲಿಲ್ಲ. ಹೆಸರು ಹೋದರೂ ಅವರ ಹತ್ತಿರ ಲೆಕ್ಕ ಉಳಿದಿದೆ. ನಮ್ಮ ರಸ್ತೆ ಮೇಲೆ ಹೆಸರು ಈಗಲೂ ಓಡಾಡುತ್ತಿದೆ, ಮಾವನ ಗಾಡಿಯ ಲೆಕ್ಕ ಮಾತ್ರ ನಮ್ಮ ಮನೆಯಲ್ಲೇ ಇಲ್ಲ.

ನಮ್ಮ ಭಾಗದ್ದು ಇನ್ನೂ ಗೋಜಲು. 1956ರವರೆಗೆ ನಾವು ಮುಂಬಯಿ ರಾಜ್ಯದವರು. 1961ರಲ್ಲಿ ಮೈಸೂರು ರಾಜ್ಯಕ್ಕೆ ರಸ್ತೆ ಸಾರಿಗೆ ನಿಗಮ ಬಂತು, 1997ರಲ್ಲಿ ವಾಯವ್ಯ ಕರ್ನಾಟಕದ್ದು ಬೇರೆಯಾಯ್ತು. ಬಸ್ಸಿನ ಮೇಲಿನ ಹೆಸರು ಬದಲಾಗುತ್ತಾ ಹೋಯ್ತು, ಹಳೇ ಗಾಡಿ ಗುಜರಿಗೆ ಹೋದವು. ಈಗ ನಮ್ಮಲ್ಲೂ ಕೆಲ ಹುಡುಗರು ಡಿಪೋ, ಬಸ್‌ಸ್ಟ್ಯಾಂಡ್ ಸುತ್ತಿ ಫೋಟೋ ತೆಗೀತಾರೆ. ಮೊದಲೆಲ್ಲ ನಾನೂ ನಕ್ಕಿದ್ದೆ. ಈಗ ನಗು ಬರೋದಿಲ್ಲ.

ಅತ್ತೆಗೆ ಕೇಳಿದೆ, "ಮಾವನ ಗಾಡಿ ನಂಬರ್ ನೆನಪೈತೇನ?"

"ನಂಬರ್ ಎಲ್ಲಿ ನೆನಪಿರತೈತೋ ತಮ್ಮಾ? ಊರ ಹೊರಗ ಗಿಯರ್ ಬದಲಿಸೂ ಸಪ್ಪಳ ಕೇಳಿದ್ರ ಅವ್ರ ಗಾಡೀನ ಅಂತ ಗೊತ್ತಾಗತಿತ್ತು. ಒಲಿ ಮ್ಯಾಗ ಹಂಚು ಇಡತಿದ್ನಿ. ಅವ್ರು ಕೈಕಾಲ ತೊಳಕೊಂಡ ಬರೂದ್ರಾಗ ಬಿಸಿ ರೊಟ್ಟಿ."

ಸುಮ್ಮನಾದೆ. ಇಂಗ್ಲೆಂಡಿನವರ ಯಾವ ಪಟ್ಟಿಯಲ್ಲೂ ಇದಕ್ಕೊಂದು ಕಾಲಂ ಇರಲಿಕ್ಕಿಲ್ಲ. ಹಾಗಂತ ನಂಬರ್ ಬೇಡ ಅಂತಲ್ಲ, ಎರಡೂ ಬೇಕಿತ್ತು. ಒಂದನ್ನು ನಾನೇ ಕತ್ತರಿಸಿ ಹಾಕಿದೆ, ಇನ್ನೊಂದನ್ನಾದರೂ ಇಲ್ಲಿ ಬರೆದಿಟ್ಟೆ.

ನಿಮ್ಮ ಮನೆಯ ಹಳೇ ಫೋಟೋದಲ್ಲಿ ಹಿಂದೆ ಯಾವುದಾದರೂ ಬಸ್ ನಿಂತಿದ್ದರೆ ದಯವಿಟ್ಟು ಕತ್ತರಿಸಬೇಡಿ. ಹಿಂಬದಿಗೆ ಊರು, ವರ್ಷ, ನಂಬರ್ ಬರೆದಿಡಿ, ಸಾಕು.