ಹಾಡದವನಿಗಾಗಿ ಅತ್ತವರು

ಹಾಡುಗಾರ ಸತ್ತರೆ ಅಭಿಮಾನಿಗಳು ಅಳುವುದು ಸಹಜ. ಆದರೆ 2006ರ ಮೇ ತಿಂಗಳಲ್ಲಿ ಅಮೆರಿಕದ 'ಗ್ರೇಟ್‌ಫುಲ್ ಡೆಡ್' ರಾಕ್ ತಂಡದ ಅಭಿಮಾನಿಗಳು ಕಣ್ಣೀರಿಟ್ಟದ್ದು ತಂಡದ ಸಾಮಾನು ಹೊರುತ್ತಿದ್ದ ಲಾರೆನ್ಸ್ ಶರ್ಟ್‌ಲಿಫ್‌ಗಾಗಿ. ಎಲ್ಲರ ಬಾಯಲ್ಲಿ ಆತ 'ರಾಮ್‌ರಾಡ್'. ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ವಯಸ್ಸು 61.

ಆರೆಗಾನ್ ರಾಜ್ಯದ ಈ ಹುಡುಗ 1967ರಲ್ಲಿ ತಂಡ ಸೇರಿದ. ವಾದ್ಯಗಳನ್ನು ಲಾರಿಗೇರಿಸುವುದು, ಇಳಿಸುವುದು, ಡ್ರಮ್‌ಗಳನ್ನು ಜೋಡಿಸಿ ಕಾಯುವುದು ಅವನ ಕೆಲಸ. ಇಂಥವರನ್ನು ಅಲ್ಲಿ 'ರೋಡಿ' ಎನ್ನುತ್ತಾರೆ. 1974ರಲ್ಲಿ ತಂಡ ಊರೂರಿಗೆ ಒಯ್ದ ಧ್ವನಿವ್ಯವಸ್ಥೆಯ ಹೆಸರೇ 'ವಾಲ್ ಆಫ್ ಸೌಂಡ್', ಶಬ್ದದ ಗೋಡೆ. ಸುಮಾರು 600 ಸ್ಪೀಕರ್‌ಗಳು, 75 ಟನ್ ಭಾರ! ಒಂದೂರಲ್ಲಿ ಕಾರ್ಯಕ್ರಮ ನಡೆಯುವಾಗಲೇ ಮುಂದಿನ ಊರಲ್ಲಿ ಅಟ್ಟಣಿಗೆ ಏಳಬೇಕಿತ್ತು. ಕೇಳುಗರು ಮನೆ ಸೇರಿ ಮಲಗಿದ ಮೇಲೂ ಆ ಗೋಡೆ ಬಿಚ್ಚುವವರಿಗೆ ನಿದ್ದೆಯಿಲ್ಲ.

ಈ ಅಭಿಮಾನಿಗಳು ತಂಡದ ಹಿಂದೆ ಊರಿಂದೂರಿಗೆ ಅಲೆಯುವವರು. ಹಾಗಾಗಿ ಡ್ರಮ್‌ಗಳ ಮರೆಯಲ್ಲಿ ಓಡಾಡುವ ಆ ಮಿತಭಾಷಿಯೂ ಅವರಿಗೆ ಮನೆಯವನಂತೆ. ತಂಡವೂ ಅವನನ್ನು ಕೂಲಿಯೆಂದು ನೋಡಲಿಲ್ಲ. 1970ರ ದಶಕದಲ್ಲಿ ಕಂಪನಿಯಾಗಿ ನೋಂದಾಯಿಸಿಕೊಂಡಾಗ ಆಡಳಿತ ಮಂಡಳಿಯ ಅಧ್ಯಕ್ಷ ಸ್ಥಾನಕ್ಕೆ ಆರಿಸಿದ್ದು ಅವನನ್ನೇ.

ನನ್ನ ಕಥೆ ಅಚ್ಚಾದರೆ ಓದುಗರು ಕಾಗದ ಬರೆಯುವುದು ನನಗೆ. ಕರಡು ತಿದ್ದಿದವರಿಗೆ, ಪುಟ ಕಟ್ಟಿದವರಿಗೆ ಯಾರು ಬರೆಯುತ್ತಾರೆ? ಅದಕ್ಕೇ ಎಲ್ಲೋ ದೂರದ ಆ ಜನರ ದುಃಖ ನನಗೆ ದೊಡ್ಡದೆನಿಸುತ್ತದೆ. ಹಾಡನ್ನು ಪ್ರೀತಿಸುವುದು ಸುಲಭ. ಅದನ್ನು ಹೊತ್ತು ತಂದ ಹೆಗಲನ್ನು ನೆನಪಿಟ್ಟುಕೊಳ್ಳುವುದಕ್ಕೆ ಬೇರೆಯೇ ಮನಸ್ಸು ಬೇಕು.