ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು

ಮೈಸೂರಿಗೆ ಹೋದವರು ಅರಮನೆ, ಮೃಗಾಲಯ ನೋಡಿ ಹಿಂದಿರುಗುತ್ತಾರೆ. ಒಂದು ರಾತ್ರಿ ಉಳಿದು, ಬೆಳಿಗ್ಗೆ ಆರಕ್ಕೆ ಮಾನಸಗಂಗೋತ್ರಿಯ ಮಗ್ಗುಲಿನ ಕುಕ್ಕರಹಳ್ಳಿ ಕೆರೆಗೆ ಮಕ್ಕಳೊಡನೆ ಹೋಗಿ ನೋಡಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಜಾಗ. ಸುತ್ತಲೂ ಮರದ ನೆರಳು, ಮಣ್ಣಿನ ಹಾದಿ. ಡಾಂಬರು ರಸ್ತೆಗಿಂತ ಕಾಲಿಗೆ ಹಿತ.

ಮೊನ್ನೆ ಏರಿಯ ಮೇಲೆ ತಂದೆಯೊಬ್ಬರು ಗಡಿಯಾರ ನೋಡುತ್ತಾ, "ಇನ್ನೂ ಜೋರಾಗಿ ಓಡೋ!" ಎಂದು ಮಗನನ್ನು ಅಟ್ಟುತ್ತಿದ್ದರು. ಹುಡುಗನಿಗೆ ಏದುಸಿರು, ಮುಖದಲ್ಲಿ ಪರೀಕ್ಷೆಯ ಕಳೆ. ನಾಳೆ ಅವನು ಹೊದಿಕೆ ಬಿಟ್ಟು ಏಳುವುದು ಅನುಮಾನ.

ಓಡುವಾಗ ಪಕ್ಕದವರೊಡನೆ ಮಾತಾಡಲು ಸಾಧ್ಯವಾಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ. ಆಗ ಆಮ್ಲಜನಕದಿಂದ ಸಿಗುವ ಶಕ್ತಿಯೊಂದೇ ಸ್ನಾಯುಗಳಿಗೆ ಸಾಲದು. ಗ್ಲೂಕೋಸ್ ಅರೆಬರೆ ಒಡೆದು ಲ್ಯಾಕ್ಟೇಟ್ ಶೇಖರವಾಗುತ್ತದೆ, ಬೇಗ ಆಯಾಸ. ನಿಧಾನವಾಗಿ ಓಡಿ, ದಣಿದಾಗ ನಡೆದು, ಮತ್ತೆ ಓಡಲಿ. ಕೆಲವು ವಾರ ಬಿಡದೆ ಹೀಗೆ ಮಾಡಿದರೆ ಅದೇ ವೇಗಕ್ಕೆ ನಾಡಿಬಡಿತ ಕಡಿಮೆಯಾಗುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಮಕ್ಕಳೇ ಎಣಿಸಿ ಬರೆದಿಟ್ಟುಕೊಳ್ಳಬಹುದು, ಪ್ರಯೋಗಾಲಯ ಬೇಕಿಲ್ಲ.

ಹತ್ತನೆಯ ತರಗತಿಯೆಂದು ಓಟ ನಿಲ್ಲಿಸಬೇಡಿ, ವಾರಕ್ಕೆ ಮೂರು ಬೆಳಗು ಬಿಟ್ಟುಕೊಡಿ. ಗಡಿಯಾರ ಮನೆಯಲ್ಲಿರಲಿ. ಇಲ್ಲಿ ನೋಡಲು ಹೆಜ್ಜಾರ್ಲೆಗಳಿವೆ, ಬಣ್ಣದ ಕೊಕ್ಕರೆಗಳಿವೆ.