ಕೋಸಗಿಯ ಅಂಗಳದಲ್ಲಿ ಚಹಾದ ಹೊಗೆ

ಆದವಾನಿಯಿಂದ ರಾಯಚೂರಿನ ಕಡೆಗೆ ಹೊರಟ ರೈಲು ಇಸ್ವಿ, ಕುಪ್ಪಗಲ್ಲುಗಳನ್ನು ದಾಟಿ ಕೋಸಗಿಯನ್ನು ಸಮೀಪಿಸುವಾಗ ಹತ್ತಿಯ ಹೊಲಗಳ ನಡುವಿನಿಂದ ಬಂಡೆಗಳು ಏಳತೊಡಗುತ್ತವೆ. ಯಾರೋ ಒಂದರ ಮೇಲೊಂದು ಎತ್ತಿ ಇರಿಸಿ ಮರೆತುಹೋದಂತಹ ಬಂಡೆಗಳು. ಊರಿನ ದಕ್ಷಿಣಕ್ಕೆ ಅಕ್ಕ–ತಂಗಿಯರೆಂದು ಹೆಸರಾದ ಜೋಡಿ ಕಲ್ಲುಗುಡ್ಡಗಳಿವೆ. ಬಳ್ಳಾರಿ ಜಿಲ್ಲೆಯ 1904ರ ಗೆಜೆಟಿಯರಿನಲ್ಲಿಯೂ ಅವುಗಳ ಪ್ರಸ್ತಾಪವುಂಟು. ಆಗ ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು. ಗಡಿ ಸರಿಯಿತು; ಅಡುಗೆಮನೆಯ ಮಾತು ಸರಿಯಲಿಲ್ಲ.

ಈ ಸಂಕ್ರಾಂತಿಯ ರಜೆಯಲ್ಲಿ ಹೆಂಡತಿ ಮತ್ತು ಮಗಳೊಡನೆ ನಾನು ಕೋಸಗಿಗೆ ಹೊರಟದ್ದು ಅವ್ವನನ್ನು ಕಾಣಲೆಂದೇ ಆದರೂ, ಚೀಲದಲ್ಲಿ ಕಾಲು ಕಿಲೋ ನೀಲಗಿರಿಯ ಎಲೆ ಚಹಾ ಇತ್ತು, ತಲೆಯಲ್ಲಿ ಒಂದು ಹುಚ್ಚು ಯೋಜನೆ ಇತ್ತು. ಕಳೆದ ವರ್ಷ ಬೆಂಗಳೂರಿನ ಸ್ನೇಹಿತನೊಬ್ಬನ ಮನೆಯಲ್ಲಿ ಚಹಾದ ಹೊಗೆ ಕೊಟ್ಟ ಬಾತುಕೋಳಿಯನ್ನು ತಿಂದಿದ್ದೆ. ಮೊದಲ ತುತ್ತಿಗೇ ನನಗೆ ಬಾತುಕೋಳಿ ನೆನಪಾಗಲಿಲ್ಲ, ಚೀನಾವೂ ನೆನಪಾಗಲಿಲ್ಲ. ಕೋಸಗಿಯ ನಮ್ಮ ಹಳೆಯ ಮಾಳಿಗೆ ಮನೆಯಲ್ಲಿ ಕುಳ್ಳಿನ ಬೆಂಕಿಯ ಮೇಲೆ ಮಧ್ಯಾಹ್ನವೆಲ್ಲ ಕಾಯುತ್ತಿದ್ದ ಹಾಲಿನ ಗಡಿಗೆ ನೆನಪಾಯಿತು. ಆ ಹಾಲಿನ ಕೆನೆ ನಸುಗೆಂಪಗಿರುತ್ತಿತ್ತು. ಅದರಲ್ಲಿ ಸಣ್ಣದೊಂದು ಹೊಗೆಯ ವಾಸನೆ ಇರುತ್ತಿತ್ತು. ಮೂವತ್ತು ವರ್ಷಗಳ ಹಿಂದೆ ಕಳೆದುಹೋದ ವಸ್ತುವೊಂದು ಪರರ ಮನೆಯ ತಟ್ಟೆಯಲ್ಲಿ ಸಿಕ್ಕರೆ ಯಾರು ತಾನೆ ಸುಮ್ಮನಿದ್ದಾರು?

ಈ ಅಡುಗೆ ಚೀನಾದ ಸಿಚುವಾನ್ ಪ್ರಾಂತದ್ದು. ಅಲ್ಲಿ ಇದರ ಹೆಸರು ‘ಜಾಂಗ್ ಚಾ ಯಾ’. ಜಾಂಗ್ ಎಂದರೆ ಕರ್ಪೂರದ ಮರ, ಯಾ ಎಂದರೆ ಬಾತುಕೋಳಿ. ನಡುವಿನ ಚಾ ನಮ್ಮ ಚಾ. ಕೋಸಗಿಯ ಬಸ್ ನಿಲ್ದಾಣದಲ್ಲಿ ‘ಒಂದು ಚಾ ಕೊಡಪ್ಪ’ ಎನ್ನುವವನು ತನಗರಿವಿಲ್ಲದೆ ಚೀನೀ ಶಬ್ದವನ್ನೇ ಆಡುತ್ತಾನೆ. ಚಾ, ಚಾಯ್, ಚಹಾ ಎಲ್ಲವೂ ಆ ಒಂದೇ ಮೂಲದವು. ‘ಟೀ’ ಎಂಬುದು ಮಾತ್ರ ಚೀನಾದ ಫುಜಿಯಾನ್ ಕರಾವಳಿಯ ಉಚ್ಚಾರಣೆಯಿಂದ ಹಡಗೇರಿ ಯುರೋಪಿಗೆ ಹೋಗಿ ಇಂಗ್ಲಿಷಿನ ಮೂಲಕ ಹಿಂದಿರುಗಿ ಬಂದದ್ದು. ಸಿಚುವಾನಿನವರು ಬಾತುಕೋಳಿಗೆ ಉಪ್ಪು ಮತ್ತು ತಮ್ಮ ಸೀಮೆಯ ಮೆಣಸನ್ನು ಹಚ್ಚಿ ನೆನೆಯಿಡುತ್ತಾರೆ. ಕರ್ಪೂರದ ಮರದ ಎಲೆ, ಚಕ್ಕೆಗಳೊಡನೆ ಚಹಾ ಎಲೆಯನ್ನು ಸುಟ್ಟು ಅದರ ಹೊಗೆಯಲ್ಲಿ ಇರಿಸುತ್ತಾರೆ. ಹಬೆಯಲ್ಲಿ ಬೇಯಿಸಿ ಕೊನೆಗೆ ಎಣ್ಣೆಯಲ್ಲಿ ಕರಿಯುತ್ತಾರೆ. ಅವರ ಮೆಣಸು ನಮ್ಮ ಕರಿಮೆಣಸಲ್ಲ. ನಮ್ಮ ಕರಾವಳಿಯವರು ಮೀನಿನ ಸಾರಿಗೆ ಹಾಕುವ, ನಾಲಿಗೆಯನ್ನು ಜುಮ್ಮೆನ್ನಿಸುವ ಜುಮ್ಮನಕಾಯಿಯ ದಾಯಾದಿ ಅದು.

ಹೊಗೆಯಲ್ಲಿ ಮಾಂಸವನ್ನು ಇರಿಸುವುದು ಕನ್ನಡ ನಾಡಿಗೆ ಹೊಸದೇನಲ್ಲ. ಕೊಡಗಿನಲ್ಲಿ ಮಳೆಗಾಲಕ್ಕೆಂದು ಮಾಂಸಕ್ಕೆ ಉಪ್ಪು ಹಚ್ಚಿ ಒಲೆಯ ಮೇಲ್ಗಡೆ ತೂಗುಹಾಕಿ ಒಣಗಿಸುತ್ತಾರೆ. ನಮ್ಮ ಬಯಲುಸೀಮೆಗೆ ಅಂತಹ ಅಗತ್ಯ ಬೀಳಲಿಲ್ಲ, ಬಿಸಿಲೇ ಸಾಕು. ನಮ್ಮಲ್ಲಿ ಹೊಗೆ ರುಚಿಗೆಂದು ಹಾಕಿದ್ದಲ್ಲ, ತಾನಾಗಿ ಬಂದು ಸೇರಿದ್ದು. ಸುಟ್ಟ ಬದನೆಕಾಯಿಯಲ್ಲಿ, ಕೆಂಡದ ಮೇಲೆ ಉಬ್ಬಿದ ರೊಟ್ಟಿಯಲ್ಲಿ, ಹೊಲದ ಬದುವಿನ ಕುಳ್ಳಿನ ಬೆಂಕಿಯಲ್ಲಿ ಹಾಲ್ದೆನೆಯನ್ನು ಸುಟ್ಟು ಉಜ್ಜಿ ತೆಗೆದ ಸೀತನಿಯಲ್ಲಿ ಅದು ಇತ್ತು.

ಬಾತುಕೋಳಿ ಕೋಸಗಿಯಲ್ಲಿ ಎಲ್ಲಿಂದ ಬಂತೆಂದು ಕೇಳಬಹುದು. ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆ ನಮ್ಮ ಸೀಮೆಯನ್ನು ಹಾದುಹೋಗುತ್ತದೆ. ನೀರು ತಲುಪಿದಲ್ಲೆಲ್ಲ ಭತ್ತವಿದೆ. ಕಟಾವು ಮುಗಿದ ಮೇಲೆ ನೆಲ್ಲೂರಿನ ಕಡೆಯ ಬಾತುಕೋಳಿಯವರು ತಮ್ಮ ಹಿಂಡುಗಳೊಡನೆ ತುಂಗಭದ್ರೆಯ ಇಕ್ಕೆಲದ ಗದ್ದೆಗಳಿಗೆ ಬರುತ್ತಾರೆ. ಉದುರಿದ ಕಾಳು, ಬಸವನಹುಳು, ಕೀಟಗಳೇ ಹಿಂಡಿನ ಮೇವು. ಹಿಂಡಿನ ಹಿಕ್ಕೆ ರೈತನ ಗದ್ದೆಗೆ ಗೊಬ್ಬರ. ಅವರ ಬದುಕು ನಡೆಯುವುದು ಮುಖ್ಯವಾಗಿ ಮೊಟ್ಟೆಯಿಂದ. ಕಾಲುವೆಯ ದಂಡೆಯಲ್ಲಿ ಬಲೆಯ ಬೇಲಿ ಕಟ್ಟಿ, ಟಾರ್ಪಾಲಿನ ಗುಡಾರ ಹಾಕಿಕೊಂಡಿದ್ದ ದಂಪತಿಗಳಲ್ಲಿಗೆ ಮಗಳೊಡನೆ ಹೋದೆ. ಮೊಟ್ಟೆ ನಿಲ್ಲಿಸಿದ ಒಂದು ಹಕ್ಕಿಯನ್ನು ಆತ ಹಿಡಿದುಕೊಟ್ಟ. ‘ಮುದುಕಿ ಸಾರ್, ಚೆನ್ನಾಗಿ ಬೇಯಿಸಬೇಕು’ ಎಂದು ತೆಲುಗಿನಲ್ಲಿ ಎಚ್ಚರಿಸಿದ. ಪ್ರಾಮಾಣಿಕ ಮಾರಾಟಗಾರ. ಗುಡಾರದ ಮುಂದೆ ಆತನ ಹೆಂಡತಿ ಮೂರು ಕಲ್ಲುಗಳ ಒಲೆಗೆ ಜಾಲಿಯ ಹಸಿ ಪುಳ್ಳೆಗಳನ್ನು ತುರುಕುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಕ್ಷಣಕ್ಕೆ ನಾನದನ್ನು ಕಂಡೆನೇ ಹೊರತು ನೋಡಲಿಲ್ಲ.

ಮನೆಗೆ ಬಂದು ಹಕ್ಕಿಯನ್ನು ಶುಚಿಗೊಳಿಸಿ ಉಪ್ಪು, ಕುಟ್ಟಿದ ಕರಿಮೆಣಸು ಹಚ್ಚಿ ರಾತ್ರಿಯಿಡೀ ನೆನೆಯಿಟ್ಟಾಗ ಅವ್ವ ಏನನ್ನೂ ಹೇಳಲಿಲ್ಲ. ಮರುದಿನ ಎರಡು ಗಂಟೆ ಹಬೆಯಲ್ಲಿ ಬೇಯಿಸಿದಾಗಲೂ ಹೇಳಲಿಲ್ಲ. ಅಡುಗೆಮನೆಯ ಅನಿಲದ ಒಲೆಯ ಮೇಲೆ ಕಬ್ಬಿಣದ ಬಾಣಲೆಯಿಟ್ಟು ಅದರಲ್ಲಿ ಚಹಾ ಎಲೆಯನ್ನು ಸುರಿಯಹೊರಟಾಗ ಮಾತ್ರ ಎದ್ದು ಬಂದಳು.

‘ಏನ್ ಮಾಡಾಕ ಹತ್ತೀಯಪ್ಪಾ?’

‘ಹೊಗಿ ಕೊಡ್ತೀನವ್ವಾ. ಹೊಗಿ ವಾಸನಿ ಹಿಡಿದ್ರನ ಇದಕ್ಕ ರುಚಿ.’

ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ‘ನಲವತ್ತು ವರ್ಷ ಹೊಗಿ ಉಂಡೀನಿ. ಅದನ್ನ ಈ ಮನಿಯಿಂದ ಹೊರಗ ಹಾಕಾಕ ಎಷ್ಟು ದಿನ ಬೇಕಾತು ಗೊತ್ತೈತೇನು? ಈಗ ನೀನು ರೊಕ್ಕ ಕೊಟ್ಟು ಒಳಗ ಕರಕೊಂಡು ಬರ್ತೀಯೇನು?’

ಇಪ್ಪತ್ತು ವರ್ಷ ನ್ಯಾಯಾಲಯದಲ್ಲಿ ನಿಂತವನಿಗೆ ಅಂದು ಉತ್ತರ ಹೊಳೆಯಲಿಲ್ಲ. ಐದಾರು ವರ್ಷಗಳ ಹಿಂದೆ ಅವಳ ಕೆಮ್ಮು ಬಿಡದಾಗ ಆದವಾನಿಯ ವೈದ್ಯರೊಬ್ಬರಲ್ಲಿಗೆ ಕರೆದೊಯ್ದಿದ್ದೆ. ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ ಅವರು, ತಪ್ಪು ತಿಳಿಯಬಾರದೆಂದು ಕೇಳಿಕೊಂಡೇ, ಬೀಡಿ ಸೇದುವ ಅಭ್ಯಾಸವುಂಟೆ ಎಂದು ಕೇಳಿದರು. ಅವ್ವ ನಕ್ಕುಬಿಟ್ಟಳು. ‘ನಾನು ಸೇದಿಲ್ಲಪ್ಪಾ, ಒಲಿ ಸೇದಿಸೈತಿ’ ಎಂದಳು. ಆ ಮಾತನ್ನು ನಾನು ನೆಂಟರಿಷ್ಟರಲ್ಲಿ ತಮಾಷೆಯೆಂದು ಹೇಳಿಕೊಂಡು ತಿರುಗಿದ್ದೇನೆ. ಅದು ತಮಾಷೆಯಾಗಿರಲಿಲ್ಲವೆಂಬುದು ಬಾಣಲೆಯ ಮುಂದೆ ನಿಂತಾಗ ತಿಳಿಯಿತು.

ನಾನು ಕುಡಿದ ಹಾಲಿನಲ್ಲಿದ್ದ ಆ ಸಣ್ಣ ವಾಸನೆ ಅವಳ ಪುಪ್ಪುಸವನ್ನು ದಾಟಿ ಬಂದದ್ದು. ಕುಳ್ಳು ಮತ್ತು ಹತ್ತಿಕಟ್ಟಿಗೆ, ಇವೆರಡೇ ನಮ್ಮ ಸೀಮೆಯ ಉರುವಲು. ಮಾಳಿಗೆ ಮನೆಗೆ ಹೊಗೆ ಹೋಗಲು ಒಂದೇ ಒಂದು ಬೆಳಕಿಂಡಿ. ಮಳೆ ಬಂದರೆ ಅದನ್ನೂ ಮುಚ್ಚಬೇಕು. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 2020ನೆಯ ವರ್ಷವೊಂದರಲ್ಲೇ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಶ್ವಾಸಕೋಶದ ರೋಗವಷ್ಟೇ ಅಲ್ಲ, ಕಣ್ಣಿನ ಪೊರೆಗೂ ಒಲೆಯ ಹೊಗೆಗೂ ನಂಟಿದೆ. ಆಂಧ್ರಪ್ರದೇಶದಲ್ಲಿ 1999ರಲ್ಲಿ ದೀಪಂ ಯೋಜನೆ, 2016ರಲ್ಲಿ ಕೇಂದ್ರದ ಉಜ್ವಲಾ ಯೋಜನೆ ಬಂದು ಬಡವರ ಮನೆಗಳಿಗೆ ಸಿಲಿಂಡರು ಬಂತು. ಆದರೂ ಹೊಗೆ ಕೋಸಗಿಯನ್ನು ಬಿಟ್ಟು ಹೋಗಿದೆಯೆಂದು ಹೇಳಲಾರೆ. ನಮ್ಮ ಮಂಡಲದಿಂದ ಪ್ರತಿ ವರ್ಷ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಗುಂಟೂರಿನ ಕಡೆಗೆ ಕುಟುಂಬಗಳೇ ಎದ್ದು ಹೋಗುತ್ತವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ, ಮಗು ಉಳಿಯುವುದಿಲ್ಲ. ಅಲ್ಲಿನ ಹೊಲಗಳ ಅಂಚಿನಲ್ಲಿ ಮತ್ತದೇ ಮೂರು ಕಲ್ಲು, ಅದೇ ಪುಳ್ಳೆ, ಒಲೆಯ ಮುಂದೆ ಹಲವು ಸಲ ಶಾಲೆ ಬಿಟ್ಟ ಹುಡುಗಿಯೇ.

ಕೊನೆಗೆ ಅವ್ವನೇ ತೀರ್ಪು ಕೊಟ್ಟಳು: ಹಕ್ಕಿಯನ್ನು ಕೆಡಿಸುವುದು ಬೇಡ, ಆದರೆ ಒಳಗೆ ಹೊಗೆ ಕೂಡದು. ಅಂಗಳಕ್ಕೆ ಹೋಗಬೇಕು, ಗಾಳಿ ಯಾವ ಕಡೆಗಿದೆಯೆಂದು ನೋಡಿಕೊಳ್ಳಬೇಕು, ಮಗುವನ್ನು ಹೊಗೆಯ ದಾರಿಯಲ್ಲಿ ಕೂರಿಸಬಾರದು. ಸಣ್ಣ ಸಿಲಿಂಡರಿನ ಒಲೆಯನ್ನು ಬೇವಿನ ಮರದಡಿಗೆ ಸಾಗಿಸಿದೆ.

ಮಾಡಬಯಸುವವರಿಗಾಗಿ ವಿಧಾನವನ್ನು ಹೇಳುತ್ತೇನೆ. ಬಾಣಲೆ ದಪ್ಪ ಕಬ್ಬಿಣದ್ದಿರಬೇಕು; ಅಂಟದ ಲೇಪನದ ಪಾತ್ರೆ ಬೇಡ, ಅಷ್ಟು ಕಾವಿಗೆ ಲೇಪನವೇ ಕೆಟ್ಟ ಆವಿ ಬಿಡುತ್ತದೆ. ಒಳಗೆ ಎರಡು ಪದರ ಅಲ್ಯೂಮಿನಿಯಂ ಹಾಳೆ ಹಾಸಿ ಅರ್ಧ ಬಟ್ಟಲು ಅಕ್ಕಿ, ಅರ್ಧ ಬಟ್ಟಲು ಚಹಾ ಎಲೆ, ಕಾಲು ಬಟ್ಟಲು ಸಕ್ಕರೆಯನ್ನು ಬೆರೆಸಿ ಹರಡಬೇಕು. ಹೋಟೆಲಿನ ಹರಳು ಚಹಾ ಬೇಗ ಉರಿದು ಕಹಿಯಾಗುತ್ತದೆ. ಎಲೆ ಚಹಾ ಉತ್ತಮ. ಮೇಲೆ ತಂತಿಯ ಜಾಲರಿ, ಜಾಲರಿಯ ಮೇಲೆ ಬೆಂದ ಹಕ್ಕಿ. ಚರ್ಮ ಮುಟ್ಟಿದರೆ ಒಣಗಿರಬೇಕು. ತೇವವಿದ್ದರೆ ಮಸಿ ಕೂರುತ್ತದೆ. ನಾನು ಒಂದು ಗಂಟೆ ಗಾಳಿಗೆ ತೂಗುಹಾಕಿದ್ದೆ, ಅಷ್ಟೂ ಹೊತ್ತು ಮಗಳು ಬೆಕ್ಕನ್ನು ಕಾಯ್ದಳು. ಮುಚ್ಚಳ ಮುಚ್ಚಿ ಅಂಚಿಗೆ ಒದ್ದೆ ಬಟ್ಟೆ ಸುತ್ತಿ ದೊಡ್ಡ ಉರಿ ಕೊಡಬೇಕು. ಹೊಗೆ ಎದ್ದ ಮೇಲೆ ಉರಿ ತಗ್ಗಿಸಿ ಹತ್ತು ಹದಿನೈದು ನಿಮಿಷ. ಬಟ್ಟೆ ಒಲೆಯ ಉರಿಗೆ ತಾಕದಂತೆ ನೋಡಿಕೊಳ್ಳಬೇಕು. ಈ ಹೊಗೆ ಮಾಂಸವನ್ನು ಬೇಯಿಸುವುದಿಲ್ಲ, ಬಣ್ಣ ಮತ್ತು ವಾಸನೆಯನ್ನಷ್ಟೇ ಕೊಡುತ್ತದೆ. ಮಾಂಸ ತಿನ್ನದವರು ಪನೀರಿಗೋ ಬೇಯಿಸಿದ ಆಲೂಗಡ್ಡೆಗೋ ಐದು ನಿಮಿಷ ಇದೇ ಹೊಗೆ ಕೊಡಬಹುದು.

ಹೊಗೆ ಏಳುವುದನ್ನು ಕಾಯುತ್ತಿದ್ದಾಗ ಐದನೆಯ ತರಗತಿಯ ಮಗಳು ರಜೆಯ ಮನೆಗೆಲಸದ ಪುಸ್ತಕ ತಂದಳು. ಕನ್ನಡದ ಮೇಷ್ಟ್ರು ‘ನಮ್ಮ ಅಡುಗೆಮನೆ’ ಎಂದು ಒಂದು ಪುಟ ಬರೆಯಲು ಹೇಳಿದ್ದರಂತೆ. ಮಿಕ್ಸಿ, ಕುಕ್ಕರ್, ಗ್ಯಾಸ್ ಎಂದು ಬರೆದು ನಿಲ್ಲಿಸಿದ್ದಳು. ಅವ್ವ ಹೊರಸಿನ ಮೇಲೆ ಕುಳಿತು ಹೇಳತೊಡಗಿದಳು: ಒಲೆಗುಂಡು, ದೊಡ್ಡ ಒಲೆಯ ಪಕ್ಕದ ಕೋಡೊಲೆ, ಊದುಗೊಳವೆ, ಕೊಳ್ಳಿ, ಕೆಂಡ, ಇದ್ದಿಲು, ನೆಲುವು. ‘ಇಲ್ಲಣ ಅಂದ್ರೇನಜ್ಜೀ?’ ಎಂದಳು ಮಗಳು. ‘ಹೊಗಿ ಹೋಗಿ ಮಾಳಿಗಿಗೆ ಜೋತು ಬಿದ್ದಿರತೈತಲ್ಲ ಮಸಿ, ಅದು. ದೀವಳಿಗೆ ಹಬ್ಬಕ್ಕ ಕಸಬರಗಿ ಕಟ್ಟಿ ತೆಗೀತಿದ್ವಿ. ಅದು ಇಲ್ಲದ ಮನಿ ನಿಂದು, ಚಲೋ ಆತು.’ ಮಗಳು ಅದನ್ನೂ ಬರೆದುಕೊಂಡಳು. ಪದ ಹೋಗಬಾರದು, ಇಲ್ಲಣ ಹೋಗಬೇಕು ಎಂಬುದು ಅವ್ವನ ನಿಲುವೆಂದು ನನಗೆ ತೋರಿತು. ಅವಳನ್ನು ಕೇಳಿದ್ದರೆ ಇಷ್ಟು ದೊಡ್ಡ ಮಾತು ಆಡುತ್ತಿರಲಿಲ್ಲ.

ಮುಚ್ಚಳದ ಅಂಚಿನಿಂದ ಹೊಗೆಯ ಎಳೆ ಕಾಣಿಸಿಕೊಂಡಿತು. ನಾನು ಕೈಗಡಿಯಾರ ನೋಡುತ್ತ ಕುಳಿತೆ. ಹನ್ನೊಂದು ನಿಮಿಷವಾಗಿತ್ತು, ಅವ್ವ ಹತ್ತಡಿ ದೂರದಿಂದಲೇ, ಮೂಗನ್ನು ಸ್ವಲ್ಪ ಎತ್ತಿ, ‘ಇಳಿಸು’ ಎಂದಳು.

‘ಇನ್ನೂ ನಾಲ್ಕು ನಿಮಿಷ ಐತವ್ವಾ.’

‘ಹೊಗಿ ವಾಸನಿ ಮುರೀತು. ಇನ್ನ ಇಟ್ರೆ ಕಹಿ ಆಗತೈತಿ.’

ಇಳಿಸಿದೆ. ಸಕ್ಕರೆ ಕಲ್ಲಿದ್ದಲಾಗುವ ಹಂತದಲ್ಲಿತ್ತು. ಹಕ್ಕಿಯ ಚರ್ಮ ಮಾತ್ರ ಹಳೆಯ ತೇಗದ ಬಾಗಿಲಿನ ಬಣ್ಣಕ್ಕೆ ಬಂದಿತ್ತು. ನನ್ನ ಗಡಿಯಾರಕ್ಕೆ ತಿಳಿಯದ್ದು ಅವಳ ಮೂಗಿಗೆ ತಿಳಿದಿತ್ತು. ಆ ವಿದ್ಯೆಗೆ ಅವಳು ತೆತ್ತ ಶುಲ್ಕವನ್ನು ನೆನೆದು ನಾನು ಅದನ್ನು ಹೊಗಳಲು ಹೋಗಲಿಲ್ಲ.

ಸ್ವಲ್ಪ ಎಣ್ಣೆಯಲ್ಲಿ ಚರ್ಮವನ್ನು ಗರಿಗರಿ ಮಾಡಿ ಜೋಳದ ರೊಟ್ಟಿ, ಹಸಿ ಈರುಳ್ಳಿ, ಶೇಂಗಾ ಚಟ್ನಿಯೊಡನೆ ಬಡಿಸಿದೆವು. ಮುದುಕಿ ಬಾತುಕೋಳಿ ಎರಡು ಗಂಟೆಯ ಹಬೆಗೂ ಪೂರ್ತಿ ಮಣಿದಿರಲಿಲ್ಲ. ಮೂರು ಗಂಟೆ ಬೇಕಿತ್ತು. ಆದರೂ ವಾಸನೆ ಸರಿಯಾಗಿ ಕೂತಿತ್ತು. ಅವ್ವ ಒಂದು ಚೂರನ್ನು ಬಾಯಿಗಿಟ್ಟು ಬಹಳ ಹೊತ್ತು ಜಗಿದಳು. ‘ಹಾಲಿನ ಗಡಿಗಿ ವಾಸನಿ ಐತಿ’ ಎಂದಳು. ನಾನು ಅದನ್ನು ಅವಳಿಗೆ ಹೇಳಿರಲಿಲ್ಲ. ಎರಡನೆಯ ಚೂರನ್ನು ಕೇಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಮೊಮ್ಮಗಳು ತಟ್ಟೆಗೆ ಹಾಕಿದ್ದನ್ನು ತಿಂದಳು.

ಉಳಿದದ್ದು ಬಾಣಲೆ. ಹಾಳೆ ಹರಿದು ಸುಟ್ಟ ಸಕ್ಕರೆ ತಳಕ್ಕೆ ಅಂಟಿಕೊಂಡಿತ್ತು. ಹೆಂಡತಿ ಅದನ್ನು ಎತ್ತಿಕೊಳ್ಳಹೋದಾಗ ಅವ್ವ ತಡೆದು ನನ್ನತ್ತ ಕೈ ತೋರಿಸಿದಳು. ಸಾಬೂನು ನೀರು ಏನನ್ನೂ ಮಾಡಲಿಲ್ಲ. ‘ಬೂದಿ ಹಚ್ಚಿ ತಿಕ್ಕು’ ಎಂದಳು. ಅಡುಗೆಮನೆ, ಹಿತ್ತಲು, ಬಚ್ಚಲು ಎಲ್ಲ ಹುಡುಕಿದೆ. ಮನೆಯಲ್ಲಿ ಒಂದು ಹಿಡಿ ಬೂದಿ ಇರಲಿಲ್ಲ. ಸ್ನಾನದ ನೀರಿಗೆ ಈಗಲೂ ಹತ್ತಿಕಟ್ಟಿಗೆ ಉರಿಸುವ ಪಕ್ಕದ ಮನೆಗೆ ಮಗಳನ್ನು ಕಳಿಸಿದೆ. ಅವಳು ಒಂದು ಬಟ್ಟಲು ಬೂದಿ ತಂದಳು. ಕತ್ತಲಾಗುವವರೆಗೂ ಬೇವಿನ ಮರದಡಿ ಕುಳಿತು ತಿಕ್ಕಿದೆ.